ಬೆರಳಿಗೆ ಕಟ್ಟು ಹಾಕುವಾಗ ಯಾವ ಗೆಣ್ಣು ನೇರ, ಯಾವುದು ಬಾಗಿರಬೇಕು

ತೊಗರಿ ರಾಶಿ ಶುರುವಾಯಿತೆಂದರೆ ಕಲಬುರಗಿಯ ಮೂಳೆ ವೈದ್ಯರ ಬಳಿ ಕೈಗೆ ಪೆಟ್ಟಾದವರು ಬರುತ್ತಾರೆ. ಶಹಾಬಾದ್ ಕಡೆಯಿಂದ ಫರಸಿ ಕಲ್ಲು ಎತ್ತುವವರಂತೂ ವರ್ಷವಿಡೀ ಬರುತ್ತಾರೆ. ಅಂಗೈ ಕೆಳಗೆ ಕಟ್ಟಿಗೆ ಪಟ್ಟಿ ಇಟ್ಟು, ಎಲ್ಲ ಬೆರಳು ಚಾಚಿ ಬಿಗಿದುಕೊಂಡು ಬಂದಿರುತ್ತಾರೆ. ದಾರಿಯಲ್ಲಿ ಕೈ ಅಲುಗದಿರಲು ಅಷ್ಟು ಸಾಕು. ಉಂಗುರ ಮಾತ್ರ ಮೊದಲೇ ತೆಗೆಯಿರಿ, ಬಾವು ಏರಿದ ಮೇಲೆ ಕತ್ತರಿಸಬೇಕಾಗುತ್ತದೆ. ಆದರೆ ಅದೇ ಕಟ್ಟಿನಲ್ಲಿ ಮೂರ್ನಾಲ್ಕು ವಾರ ಕಳೆದರೆ, ಮೂಳೆ ಕೂಡಿದರೂ ಮುಷ್ಟಿ ಕೂಡುವುದಿಲ್ಲ.

ಬೆರಳಿನ ಬುಡದ ಗೆಣ್ಣಿನ ಎರಡೂ ಬದಿಗೆ ಇರುವ ಅಸ್ಥಿಬಂಧಗಳು (ಮೂಳೆಗೆ ಮೂಳೆ ಕಟ್ಟುವ ನಾರುಗಳು) ಬೆರಳು ನೆಟ್ಟಗಿದ್ದಾಗ ಸಡಿಲ, ಬಾಗಿದಾಗ ಬಿಗಿ. ಸಡಿಲವಾಗಿಯೇ ವಾರಗಟ್ಟಲೆ ಬಿಟ್ಟರೆ ಮೊಟಕಾಗುತ್ತವೆ, ಆಮೇಲೆ ಗೆಣ್ಣು ಬಾಗದು. ಮುಂದಿನ ಎರಡು ಗೆಣ್ಣುಗಳದು ಉಲ್ಟಾ, ಬಾಗಿಸಿಟ್ಟರೆ ಬಾಗಿಯೇ ಉಳಿಯುತ್ತವೆ. ಅದಕ್ಕೇ ಹೆಚ್ಚಿನ ಪೆಟ್ಟುಗಳಲ್ಲಿ ಮಣಿಕಟ್ಟನ್ನು 20–30 ಡಿಗ್ರಿ ಹಿಂದಕ್ಕೆ, ಬುಡದ ಗೆಣ್ಣನ್ನು 70–90 ಡಿಗ್ರಿ ಬಾಗಿಸಿ, ಮುಂದಿನ ಗೆಣ್ಣುಗಳನ್ನು ನೇರವಿಟ್ಟು ಕಟ್ಟುತ್ತೇವೆ. “ಕೈ ಸೊಟ್ಟ ಕಟ್ಟೀರಲ್ರಿ” ಎಂದು ಮನೆಯವರು ಗಾಬರಿಯಾಗುತ್ತಾರೆ. ದಯವಿಟ್ಟು ಬಿಚ್ಚಿ ನೇರ ಮಾಡಬೇಡಿ. ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ, ಅಂದರೆ ಸ್ನಾಯುರಜ್ಜು, ತುಂಡಾಗಿದ್ದರೆ ಭಂಗಿ ಬೇರೆ, ಅದನ್ನು ವೈದ್ಯರೇ ನಿರ್ಧರಿಸಬೇಕು.

ಕಟ್ಟು ಹಾಕುವ ಕಿರಿಯ ಸಿಬ್ಬಂದಿಗೆ ಒಂದು ಮಾತು. ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಶಾಖ ಬಿಡುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಟ್ಯಾಂಕಿನ ನೀರೇ ಬಿಸಿಯಿರುತ್ತದೆ. ಅದರಲ್ಲಿ ಅದ್ದಿ, ಪದರವನ್ನೂ ದಪ್ಪ ಮಾಡಿದರೆ ಚರ್ಮ ಸುಡುತ್ತದೆ. ತಣ್ಣೀರು ಬಳಸಿ. ಬೆರಳುಗಳ ಸಂದಿಗೆ ಹತ್ತಿ ಅಥವಾ ಗಾಜ್ ಬಟ್ಟೆ ಇಡಿ, ಇಲ್ಲದಿದ್ದರೆ ಬೆವರಿಗೆ ಚರ್ಮ ಕೊಳೆಯುತ್ತದೆ. ಉಗುರು ಅದುಮಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಇನ್ನು ಕಟ್ಟು ಹಾಕಿಸಿಕೊಂಡವರಿಗೆ: ಕಟ್ಟಿದ ಮೇಲೆ ನೋವು ಏರುತ್ತಲೇ ಹೋದರೆ, ಬೆರಳು ಜೋಮು ಹಿಡಿದರೆ ಅಥವಾ ನೀಲಿಯಾದರೆ ಬೆಳಗಿನ ತನಕ ಕಾಯದೆ ಆಸ್ಪತ್ರೆಗೆ ಬನ್ನಿ.

ಜನ ಅತಿ ಹಗುರವಾಗಿ ಕಾಣುವ ಪೆಟ್ಟು ಇನ್ನೊಂದಿದೆ. ಕ್ರಿಕೆಟ್ ಚೆಂಡು ಬೆರಳ ತುದಿಗೆ ಬಡಿಯುತ್ತದೆ, ಇಲ್ಲವೇ ಹಾಸಿಗೆಯಡಿ ಚಾದರ ತುರುಕುವಾಗ ಬೆರಳು ಮಡಚುತ್ತದೆ. ಆಮೇಲೆ ತುದಿ ಎತ್ತುವ ರಜ್ಜು ಬಿಟ್ಟುಹೋಗಿ ತುದಿ ಜೋತುಬೀಳುತ್ತದೆ, ತಾನಾಗಿ ಏಳುವುದಿಲ್ಲ. ನೋವು ಕಡಿಮೆಯಾದ್ದರಿಂದ ತಿಂಗಳು ಕಳೆದು ಬರುತ್ತಾರೆ. ಬಹುಪಾಲು ಇದಕ್ಕೆ ಶಸ್ತ್ರಚಿಕಿತ್ಸೆ ಬೇಡ, ಬೆರಳು ಅಲುಗದಂತೆ ಹಿಡಿಯುವ ಸಣ್ಣ ಪಟ್ಟಿ, ಸ್ಪ್ಲಿಂಟ್, ಸಾಕು. ತುದಿಯ ಗೆಣ್ಣಷ್ಟೇ ನೇರ, ನಡುವಿನ ಗೆಣ್ಣು ಆಡುತ್ತಿರಬೇಕು. ಹಗಲೂ ರಾತ್ರಿ 6ರಿಂದ 8 ವಾರ. ನಡುವೆ ಒಮ್ಮೆ ತುದಿ ಬಾಗಿದರೂ ಕೂಡುತ್ತಿದ್ದ ರಜ್ಜು ಮತ್ತೆ ಬಿಡುತ್ತದೆ, ಲೆಕ್ಕ ಮೊದಲಿಂದ ಶುರು.

ನಮ್ಮ ಕಡೆ ಈ ನಿಯಮ ಮುರಿದುಬೀಳುವುದು ಅಡುಗೆಮನೆಯಲ್ಲಿ. ಜೋಳದ ರೊಟ್ಟಿ ಬಡಿಯಲು ಹೆಣ್ಣುಮಕ್ಕಳು ಸ್ಪ್ಲಿಂಟ್ ತೆಗೆದಿಡುತ್ತಾರೆ. ತಪ್ಪು ಅವರದಲ್ಲ, ಮನೆಯಲ್ಲಿ ಬೇರೆ ಯಾರೂ ಬಡಿಯುವುದಿಲ್ಲ. ಆದ್ದರಿಂದ ಸ್ಪ್ಲಿಂಟ್ ಹಾಕುವ ದಿನ ಗಂಡನನ್ನೋ ಮಗನನ್ನೋ ಒಳಗೆ ಕರೆದು ಹೇಳುತ್ತೇನೆ: ಎರಡು ತಿಂಗಳು ರೊಟ್ಟಿ ನೀವು ಬಡಿಯಿರಿ, ಇಲ್ಲವೇ ಖಾನಾವಳಿಯಿಂದ ತನ್ನಿ. ತೊಳೆಯಲು ಸ್ಪ್ಲಿಂಟ್ ಬಿಚ್ಚುವಾಗ ಬೆರಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿಟ್ಟುಕೊಂಡೇ ಬಿಚ್ಚಿ, ಒರೆಸಿ, ಹಾಗೆಯೇ ಮತ್ತೆ ಹಾಕಬೇಕು.