ಹಗುರ ಚಕ್ರದ ಲೆಕ್ಕ: ಪುಟ್ಟ ಸ್ಪೋರ್ಟ್ಸ್ ಕಾರಿಗೆ ರಿಮ್ ಆರಿಸುವಾಗ

ಚಕ್ರದಲ್ಲಿ ಒಂದು ಕೆ.ಜಿ. ಇಳಿಸಿದರೆ ಬಾಡಿಯಲ್ಲಿ ಹತ್ತು ಕೆ.ಜಿ. ಇಳಿಸಿದಂತೆ ಎಂಬ ಮಾತು ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಕೆಲವರು ನಾಲ್ಕು ಅನ್ನುತ್ತಾರೆ, ಕೆಲವರು ಎಂಟು. ರಿಮ್ ಮಾರುವವರಿಗೆ ಇದರಿಂದ ಅನುಕೂಲವೇ. ಆದರೆ ಪಿಯುಸಿ ಮಟ್ಟದ ಭೌತಶಾಸ್ತ್ರ ಸಾಕು, ಈ ಲೆಕ್ಕ ನಿಲ್ಲುವುದಿಲ್ಲ. ಹಗುರ ಚಕ್ರದಿಂದ ಲಾಭವಿದೆ, ಖಂಡಿತ ಇದೆ. ಅದು ಸಿಗುವುದು ಮಾತ್ರ ಬೇರೆ ಕಡೆ.

ಉದಾಹರಣೆಗೆ ಮಾಜ್ದಾ ಎಂಎಕ್ಸ್-5 ತೆಗೆದುಕೊಳ್ಳೋಣ. 1989ರಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ಅಮೆರಿಕದಲ್ಲಿ ಮಿಯಾಟಾ ಎಂದೇ ಹೆಸರಾದ ಎರಡು ಸೀಟಿನ ಕಾರು ಇದು. ಮೊದಲ ತಲೆಮಾರಿನ ಕಾರು ಸಾವಿರ ಕೆ.ಜಿ.ಗಿಂತ ಕಡಿಮೆ ತೂಗುತ್ತಿತ್ತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿರುವ ಕನ್ನಡಿಗರಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಸಿಗುವಷ್ಟು ಬಗೆಯ ಹೊರಗಿನ (ಅಂದರೆ ಬೇರೆ ಕಂಪನಿಗಳ) ರಿಮ್‌ಗಳು ಬೇರೆ ಪುಟ್ಟ ಕಾರುಗಳಿಗೆ ಸಿಗುವುದು ಅಪರೂಪ.

ಚಕ್ರ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ: ಕಾರಿನ ಜೊತೆ ಮುಂದೆ ಸಾಗುತ್ತದೆ, ತಿರುಗುತ್ತಲೂ ಇರುತ್ತದೆ. ವೇಗ ಹೆಚ್ಚಿಸುವಾಗ ಎಂಜಿನ್ ಎರಡಕ್ಕೂ ಶಕ್ತಿ ಕೊಡಬೇಕು. ತಿರುಗುವಿಕೆಯ ಪಾಲು ಎಷ್ಟೆಂಬುದು ತೂಕ ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ನಿಂತಿದೆ. 195/50 ಆರ್15 ಟೈರಿನ (ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 50, ರಿಮ್ 15 ಇಂಚು) ಹೊರ ತ್ರಿಜ್ಯ ಸುಮಾರು 288 ಮಿ.ಮೀ. 15 ಇಂಚಿನ ರಿಮ್ಮಿನ ತೂಕವೆಲ್ಲ ಸರಾಸರಿ 150 ಮಿ.ಮೀ. ದೂರದಲ್ಲಿದೆ ಎಂದಿಟ್ಟುಕೊಂಡರೆ, 150ನ್ನು 288ರಿಂದ ಭಾಗಿಸಿ ವರ್ಗ ಮಾಡಿದಾಗ ಸಿಗುವುದು 0.27. ಅಂದರೆ ರಿಮ್ಮಿನಲ್ಲಿ ಇಳಿದ ಒಂದು ಕೆ.ಜಿ. ವೇಗವರ್ಧನೆಗೆ 1.27 ಕೆ.ಜಿ.ಗೆ ಸಮ. ತೂಕವೆಲ್ಲ ರಿಮ್ಮಿನ ಅಂಚಿನಲ್ಲೇ ಇದ್ದರೂ ಈ ಸಂಖ್ಯೆ ಒಂದೂವರೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೆಲಕ್ಕೆ ತಾಗುವ ಟೈರಿನ ಮೇಲ್ಮೈಯಲ್ಲೇ ತೂಕ ಇಳಿಸಿದರೂ ಎರಡೇ ಗರಿಷ್ಠ ಮಿತಿ. ಉರುಳುವ ಚಕ್ರಕ್ಕೆ ಅದರಾಚೆ ದಾರಿಯೇ ಇಲ್ಲ.

7 ಕೆ.ಜಿ.ಯ ರಿಮ್ ತೆಗೆದು 4.5 ಕೆ.ಜಿ.ಯದನ್ನು ಹಾಕಿದಿರಿ ಅನ್ನಿ. ನಾಲ್ಕು ಚಕ್ರ ಸೇರಿ 10 ಕೆ.ಜಿ. ಇಳಿಯಿತು, ಪರಿಣಾಮ ಸುಮಾರು 12.7 ಕೆ.ಜಿ.ಯಷ್ಟು. ಚಾಲಕನೂ ಸೇರಿ 1030 ಕೆ.ಜಿ. ತೂಗುವ ಕಾರಿಗೆ ಇದು ಶೇ. 1.2. ಸೊನ್ನೆಯಿಂದ ನೂರು ಕಿ.ಮೀ. ವೇಗಕ್ಕೆ 9 ಸೆಕೆಂಡು ಬೇಕಿದ್ದರೆ ಉಳಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಇಷ್ಟಕ್ಕಾಗಿ ಯಾರೂ ರಿಮ್ ಬದಲಿಸಬೇಕಿಲ್ಲ.

ಈಗ ಅದೇ ಎರಡೂವರೆ ಕೆ.ಜಿ.ಯನ್ನು ಸಸ್ಪೆನ್ಷನ್ನಿನ ಕಡೆಯಿಂದ ನೋಡಿ. ಸ್ಪ್ರಿಂಗಿನ ಮೇಲೆ ಕೂತಿರುವುದು ಬಾಡಿ. ಕೆಳಗೆ ರಸ್ತೆಯ ಜೊತೆ ಏರಿಳಿಯುವುದು ಚಕ್ರ, ಟೈರು, ಹಬ್ (ಚಕ್ರವನ್ನು ಕೂರಿಸುವ ನಡುಭಾಗ), ಬ್ರೇಕು. ಈ ಕೆಳಗಿನ ಭಾಗಕ್ಕೆ ಅನ್‌ಸ್ಪ್ರಂಗ್ ತೂಕ ಎನ್ನುತ್ತಾರೆ. ಇಂಥ ಕಾರಿನಲ್ಲಿ ಪ್ರತಿ ಮೂಲೆಗೆ ಸುಮಾರು 30 ಕೆ.ಜಿ. ಎಂದುಕೊಳ್ಳೋಣ. ಮೇಲಿನ ಬಾಡಿಯ ಪಾಲು ಸುಮಾರು 230 ಕೆ.ಜಿ. ಅಲ್ಲಿ ಎರಡೂವರೆ ಕೆ.ಜಿ. ಅಂದರೆ ಶೇ. 1, ಕೆಳಗಿನ ಭಾಗದಲ್ಲಿ ಶೇ. 8. ಅಸಲಿ ಗಳಿಕೆ ಇದೇ.

ಟೈರೂ ಒಂದು ಸ್ಪ್ರಿಂಗೇ. ಹಳ್ಳ ದಿಣ್ಣೆ ಸಿಕ್ಕಾಗ ಬಾಡಿ ಸೆಕೆಂಡಿಗೆ ಒಂದೋ ಎರಡೋ ಸಲ ತೂಗಿದರೆ, ಚಕ್ರ ತನ್ನ ಪಾಡಿಗೆ ಸೆಕೆಂಡಿಗೆ 10ರಿಂದ 15 ಸಲ ಕುಣಿಯುತ್ತದೆ. 13 ಹರ್ಟ್ಜ್ ಎಂದು ಹಿಡಿದರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುಮಾರು 1.3 ಮೀಟರಿಗೊಂದರಂತೆ ಬರುವ ಉಬ್ಬುಗಳು ಈ ಕುಣಿತವನ್ನು ಎಬ್ಬಿಸುತ್ತವೆ. ಪ್ರತಿ ಕುಣಿತದಲ್ಲೂ ಟೈರು ನೆಲವನ್ನು ಒತ್ತುವ ಬಲ ಏರಿ ಇಳಿಯುತ್ತದೆ. ಇಳಿದ ಕ್ಷಣದಲ್ಲಿ ಹಿಡಿತ ತಪ್ಪುತ್ತದೆ. ತಿರುವಿನ ಮಧ್ಯೆ ಒರಟು ಡಾಂಬರು ಬಂದಾಗ ಕಾರು ಹೊರಕ್ಕೆ ಜಾರುವುದಕ್ಕೆ ಇದೊಂದು ಮುಖ್ಯ ಕಾರಣ. ಚಕ್ರ ಹಗುರಾದಷ್ಟೂ ಅದೇ ಶಾಕ್ ಅಬ್ಸಾರ್ಬರ್ ಅದನ್ನು ಹೆಚ್ಚು ಬೇಗ ಸುಮ್ಮನಾಗಿಸುತ್ತದೆ. ಸ್ಟೀರಿಂಗ್‌ಗೆ ಬರುವ ಏಟೂ ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ: ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿದ್ದರೆ ಹಣ ಮೊದಲು ಅದಕ್ಕೆ ಹೋಗಬೇಕು. ಸತ್ತ ಶಾಕ್ ಅಬ್ಸಾರ್ಬರಿನ ಕೆಲಸವನ್ನು ಯಾವ ದುಬಾರಿ ರಿಮ್ಮೂ ಮಾಡಿಕೊಡಲಾರದು.

ಇಷ್ಟು ತಿಳಿದ ಮೇಲೆ ತಕ್ಕಡಿ ಹಿಡಿಯಿರಿ. ಮೊದಲು ಕಾರಿನಲ್ಲಿ ಈಗಿರುವ ರಿಮ್ ತೂಗಿ. ಸೂಟ್‌ಕೇಸ್ ತೂಗುವ ನೇತು ತಕ್ಕಡಿ ಸಾಕು, ಆದರೆ ಟೈರು ಬಿಚ್ಚಿಸಿಯೇ ತೂಗಬೇಕು. ಮೊದಲ ಎಂಎಕ್ಸ್-5ರ ಕಂಪನಿ ಅಲಾಯ್, 14 ಇಂಚು ವ್ಯಾಸ, ಐದೂವರೆ ಇಂಚು ಅಗಲದ್ದು, ಬರೀ ಐದೂವರೆ ಕೆ.ಜಿ. ಆಸುಪಾಸು ತೂಗುತ್ತದೆ. ಅಂದಕ್ಕಾಗಿ ಕೊಳ್ಳುವ ಎಷ್ಟೋ 15 ಇಂಚಿನ ಅಗ್ಗದ ರಿಮ್‌ಗಳು ಇದಕ್ಕಿಂತ ಭಾರ. ದುಡ್ಡು ಕೊಟ್ಟು ತೂಕ ಏರಿಸಿಕೊಂಡಂತಾಯಿತು. ಟೈರನ್ನೂ ಮರೆಯಬೇಡಿ: ಒಂದೇ ಅಳತೆಯ ಎರಡು ಮಾದರಿಗಳ ನಡುವೆ ಒಂದು ಕೆ.ಜಿ. ವ್ಯತ್ಯಾಸ ಇರಬಹುದು. ಟೈರಿನ ತೂಕ ಹೊರಗಡೆ ಇರುವುದರಿಂದ ಅಲ್ಲಿನ ಒಂದು ಕೆ.ಜಿ. 1.8ರಷ್ಟಾಗುತ್ತದೆ. ರಿಮ್ಮಿನಲ್ಲಿ ಉಳಿಸಿದ್ದನ್ನು ಭಾರದ ಟೈರು ನುಂಗಿಹಾಕುವುದು ಹೀಗೆ. ವ್ಯಾಸ ಹೆಚ್ಚಿಸಿದಾಗಲೂ ಲೋಹ ಕೇಂದ್ರದಿಂದ ದೂರ ಸರಿಯುತ್ತದೆ. ಈ ಕಾರಿಗೆ 15 ಇಂಚೇ ಸರಿ. 17 ಇಂಚು ನೋಡುವವರ ಕಣ್ಣಿಗೆ ಚೆನ್ನ, ಅಷ್ಟೆ.

ರಿಮ್ ಹಗುರವಾಗುವುದು ಹೇಗೆ? ಸಾಮಾನ್ಯ ಅಲಾಯ್ ಎರಕದ್ದು. ಶೇ. 7ರಷ್ಟು ಸಿಲಿಕಾನ್ ಇರುವ ಅಲ್ಯೂಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಒಳಗೆ ಸಣ್ಣ ಗುಳ್ಳೆಗಳು ಉಳಿಯುವ ಸಾಧ್ಯತೆ ಇರುವುದರಿಂದ ಗೋಡೆ ದಪ್ಪ ಇಡಬೇಕು. ಎರಡನೆಯದು ಫ್ಲೋ ಫಾರ್ಮಿಂಗ್: ಎರಕದ ರಿಮ್ಮನ್ನು ಕಾಯಿಸಿ ತಿರುಗಿಸುತ್ತಾ, ಕುಂಬಾರ ತಿಗರಿಯ ಮೇಲೆ ಮಣ್ಣನ್ನು ಒತ್ತಿ ಮೇಲಕ್ಕೆಳೆದಂತೆ, ಉಕ್ಕಿನ ರೋಲರುಗಳಿಂದ ಹೊರ ಗೋಡೆಯನ್ನು ಎಳೆದು ತೆಳುವಾಗಿಸುತ್ತಾರೆ. ಕಡ್ಡಿಗಳು (ಸ್ಪೋಕ್) ಎರಕದವೇ, ಗೋಡೆ ಮಾತ್ರ ಗಟ್ಟಿ ಮತ್ತು ತೆಳು. ಮೂರನೆಯದು ಫೋರ್ಜಿಂಗ್: ಘನ ಅಲ್ಯೂಮಿನಿಯಂ ತುಂಡನ್ನು ಸಾವಿರಾರು ಟನ್ ಒತ್ತಡದ ಪ್ರೆಸ್ಸಿನಲ್ಲಿ ಒತ್ತುವುದು. ಇದು ಬಲಿಷ್ಠ ಮಾತ್ರವಲ್ಲ, ಏಟು ಬಿದ್ದಾಗ ಸೀಳದೆ ಬಾಗುವ ಗುಣವೂ ಹೆಚ್ಚು. ಜಪಾನಿನ ರೇಯ್ಸ್ ಕಂಪನಿ 1996ರಲ್ಲಿ ತಂದ ಟಿಇ37ರ ಹೆಸರಿನಲ್ಲಿರುವ 37, ಅದರ 15 ಇಂಚಿನ ರಿಮ್ಮಿನ 3.7 ಕೆ.ಜಿ. ತೂಕದಿಂದ ಬಂದದ್ದು. ದಿನನಿತ್ಯದ ಬಳಕೆಗೆ ಫ್ಲೋ ಫಾರ್ಮಿಂಗ್ ರಿಮ್ಮೇ ಕೊಟ್ಟ ಹಣಕ್ಕೆ ಸರಿಯಾದ ಆಯ್ಕೆ. ಅತಿ ಅಗ್ಗದ, ಅತಿ ಹಗುರದ ಎರಕದ ರಿಮ್ ಮಾತ್ರ ಬೇಡವೇ ಬೇಡ: ಅಲ್ಲಿ ಉಳಿಸಿರುವುದು ಗೋಡೆಯ ದಪ್ಪವನ್ನು. ರಿಮ್ಮಿನ ಮೇಲಿರುವ ಜೆಡಬ್ಲ್ಯುಎಲ್ ಎಂಬ ಜಪಾನಿ ಮಾನಕದ ಗುರುತು ತಯಾರಕ ತಾನೇ ಕೊಟ್ಟುಕೊಳ್ಳುವಂಥದ್ದು; ಜೊತೆಗೆ ವಿಐಎ ಗುರುತೂ ಇದ್ದರೆ ಹೊರಗಿನ ಸಂಸ್ಥೆ ಪರೀಕ್ಷಿಸಿದೆ ಎಂದರ್ಥ.

ಮೊದಲ, ಎರಡನೇ ಮತ್ತು ನಾಲ್ಕನೇ ತಲೆಮಾರಿನ ಎಂಎಕ್ಸ್-5ಕ್ಕೆ 100 ಮಿ.ಮೀ. ವೃತ್ತದಲ್ಲಿ ನಾಲ್ಕು ಸ್ಟಡ್ಡು (ನಟ್ಟು ಹತ್ತುವ ಬೋಲ್ಟು), ನಡುವಿನ ಹಬ್ 54.1 ಮಿ.ಮೀ. ಮೂರನೆಯದಕ್ಕೆ ಮಾತ್ರ 114.3 ಮಿ.ಮೀ. ವೃತ್ತದಲ್ಲಿ ಐದು ಸ್ಟಡ್ಡು. 2015ರಲ್ಲಿ ಮಾಜ್ದಾ ಮತ್ತೆ ನಾಲ್ಕಕ್ಕೆ ಮರಳಿದ್ದೇ ತೂಕ ಉಳಿಸಲು.

ಹೆಚ್ಚಿನವರು ಎಡವುವುದು ಆಫ್‌ಸೆಟ್‌ನಲ್ಲಿ. ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮೇಲ್ಮೈ ಎಷ್ಟು ಹೊರಗಿದೆ ಎಂಬುದೇ ಆಫ್‌ಸೆಟ್. ಲೆಕ್ಕ ಸುಲಭ: ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಒಳ ಅಂಚು, ಕಳೆದರೆ ಹೊರ ಅಂಚು. ಹಳೆಯ ಐದೂವರೆ ಇಂಚಿನ ರಿಮ್ಮಿಗೆ, ಆಫ್‌ಸೆಟ್ 45 ಮಿ.ಮೀ. ಇದ್ದಾಗ, ಒಳಗೆ 115 ಮಿ.ಮೀ., ಹೊರಗೆ 25. ಏಳು ಇಂಚು ಅಗಲ, ಆಫ್‌ಸೆಟ್ 35 ಆದರೆ ಒಳಗೆ 124, ಹೊರಗೆ 54. ಒಳಗೆ 9, ಹೊರಗೆ 29 ಮಿ.ಮೀ. ಹೆಚ್ಚಾಯಿತು, ಮೊದಲ ಎರಡು ತಲೆಮಾರಿನ ಕಾರಿಗೆ ಇದು ತಕರಾರಿಲ್ಲದೆ ಕೂರುತ್ತದೆ. ಎಂಟು ಇಂಚು, ಆಫ್‌ಸೆಟ್ 36 ಅಂದರೆ ಒಳಗೆ 23, ಹೊರಗೆ 41 ಮಿ.ಮೀ. ಹೆಚ್ಚು, ಕಾರು ತಗ್ಗಿಸಿದ್ದರೆ ಫೆಂಡರಿನ (ಚಕ್ರದ ಮೇಲಿನ ಬಾಡಿಯ ಕಮಾನಿನ) ಒಳತುಟಿ ಮಡಚಬೇಕಾದೀತು. ಜೊತೆಗೆ, 195/50 ಆರ್15 ಟೈರಿಗೆ ಮಾನಕ ಒಪ್ಪುವ ರಿಮ್ ಅಗಲ ಐದೂವರೆಯಿಂದ ಏಳು ಇಂಚು. 205/50 ಆದರೆ ಏಳೂವರೆವರೆಗೆ. ಆಫ್‌ಸೆಟ್ ತೀರಾ ಕಡಿಮೆಯಾದರೆ ಚಕ್ರ ಸ್ಟೀರಿಂಗಿನ ತಿರುವು ಅಕ್ಷದಿಂದ ಹೊರಗೆ ಸರಿಯುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ರಸ್ತೆಯ ಗೀರುಗಳು ಕಾರನ್ನು ಅತ್ತಿತ್ತ ಎಳೆಯುತ್ತವೆ. ಒಟ್ಟು ವ್ಯಾಸದ ವಿಷಯದಲ್ಲಿ ತೊಂದರೆಯಿಲ್ಲ: 185/60 ಆರ್14 ಮತ್ತು 195/50 ಆರ್15ರ ನಡುವೆ ಎರಡು ಮಿ.ಮೀ. ಕೂಡ ವ್ಯತ್ಯಾಸವಿಲ್ಲ.

ಆಫ್‌ಸೆಟ್ ಸರಿಯಿದ್ದರೂ ಕಡ್ಡಿಯ ಬಾಗು ಬ್ರೇಕ್ ಕ್ಯಾಲಿಪರಿಗೆ (ಡಿಸ್ಕನ್ನು ಹಿಡಿಯುವ ಭಾಗಕ್ಕೆ) ತಾಗಬಹುದು. ಟೈರು ಹಾಕಿಸುವ ಮೊದಲು ಬರೀ ರಿಮ್ಮನ್ನು ಮುಂದಿನ ಹಬ್ಬಿಗೆ ಕೂರಿಸಿ, ನಟ್ಟು ಬಿಗಿದು, ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ. ಕ್ಯಾಲಿಪರಿಗೂ ಕಡ್ಡಿಗೂ ನಡುವೆ 3 ಮಿ.ಮೀ. ಬೇಕೇ ಬೇಕು. ಟೈರು ಹಾಕಿಸಿದ ರಿಮ್ಮನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಹೊರಗಿನ ರಿಮ್‌ಗಳ ನಡು ತೂತು ಎಲ್ಲ ಕಾರಿಗೂ ಹೊಂದಲೆಂದು ದೊಡ್ಡದಾಗಿರುತ್ತದೆ, ಸಾಮಾನ್ಯವಾಗಿ 73.1 ಮಿ.ಮೀ. ಆಗ 73.1ರಿಂದ 54.1ಕ್ಕೆ ಇಳಿಸುವ ಹಬ್ ರಿಂಗ್ ಹಾಕಿ. ಭಾರ ಹೊರುವುದು ರಿಂಗಲ್ಲ, ನಟ್ಟುಗಳು ಬಿಗಿದಾಗ ಎರಡು ಮೇಲ್ಮೈಗಳ ನಡುವೆ ಹುಟ್ಟುವ ಘರ್ಷಣೆ. ರಿಂಗಿನ ಕೆಲಸ ಬಿಗಿಯುವಾಗ ಚಕ್ರವನ್ನು ನಡುವಿನಲ್ಲಿ ಹಿಡಿಯುವುದು.

ನಟ್ಟಿನ ತಪ್ಪು ಪ್ರಾಣಕ್ಕೇ ಕುತ್ತು. ಎಂಎಕ್ಸ್-5ರ ಸ್ಟಡ್ಡು 12 ಮಿ.ಮೀ., ಮರೆಯ (ಥ್ರೆಡ್ಡಿನ) ಅಂತರ 1.5 ಮಿ.ಮೀ., ನಟ್ಟಿನ ತಲೆ 60 ಡಿಗ್ರಿ ಶಂಕುವಿನಾಕಾರ. ಹೋಂಡಾ ಕಾರುಗಳ ಮೂಲ ನಟ್ಟು ಗೋಳಾಕಾರದ್ದು. ಅದು ಶಂಕುವಿನ ಗುಳಿಯಲ್ಲಿ ಒಂದೇ ಗೆರೆಯ ಮೇಲೆ ಕೂತು ಸಡಿಲವಾಗುತ್ತದೆ. ನಮ್ಮೂರಿನ ಎಲ್ಲ ಬೀದಿಗಳಲ್ಲೂ ಕಾಣುವ ಮಾರುತಿ ಸ್ವಿಫ್ಟ್‌ಗೂ ಇದೇ ನಾಲ್ಕು ಸ್ಟಡ್ಡು, ಇದೇ 100 ಮಿ.ಮೀ. ವೃತ್ತ, ಇದೇ 54.1ರ ಹಬ್. ಆದರೆ ಸುಜುಕಿಯ ಮರೆಯ ಅಂತರ 1.25. ಒಂದರ ನಟ್ಟನ್ನು ಇನ್ನೊಂದಕ್ಕೆ ಏರ್ ಗನ್ನಿನಲ್ಲಿ ಒತ್ತಿ ಬಿಗಿದರೆ ಮರೆ ಹರಿದುಹೋಗುತ್ತದೆ. ನಟ್ಟು ಕೈಯಲ್ಲೇ ಕನಿಷ್ಠ ಎಂಟು ಸುತ್ತು ಹತ್ತಬೇಕು. ಅಂದರೆ ಎಂಎಕ್ಸ್-5ರಲ್ಲಿ 12 ಮಿ.ಮೀ. ಆಳದ ಹಿಡಿತ.

ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಮರೆಗೆ ಎಣ್ಣೆ ಹಚ್ಚಬೇಡಿ. ಜಾರುವ ಮರೆಯಲ್ಲಿ ಅದೇ ಟಾರ್ಕ್ (ತಿರುಚುವ ಬಲ) ಸ್ಟಡ್ಡನ್ನು ಮಿತಿಮೀರಿ ಎಳೆಯುತ್ತದೆ. ಎದುರುಬದುರಿನ ನಟ್ಟುಗಳನ್ನು ಜೋಡಿಯಾಗಿ, ಎರಡು ಹಂತದಲ್ಲಿ, ಟಾರ್ಕ್ ರೆಂಚಿನಿಂದ ಬಿಗಿಯಿರಿ. ಹಳೆಯ ಎಂಎಕ್ಸ್-5ಕ್ಕೆ 110 ನ್ಯೂಟನ್ ಮೀಟರ್ ಸಾಕು. ಹೊಸ ಬಣ್ಣವೂ ಮೆದು ಅಲ್ಯೂಮಿನಿಯಮ್ಮೂ ಒತ್ತಡಕ್ಕೆ ತುಸು ಕೂರುವುದರಿಂದ ಬಿಗಿ ಕಡಿಮೆಯಾಗುತ್ತದೆ. ಹಾಗಾಗಿ 80ರಿಂದ 100 ಕಿ.ಮೀ. ಓಡಿಸಿ, ಚಕ್ರ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಗಂಟೆಗೆ 90-110 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮೊದಲು ಮುಂದಿನ ಚಕ್ರ ಬಿಚ್ಚಿ ರಿಂಗ್ ಸರಿಯಾಗಿ ಕೂತಿದೆಯೇ ನೋಡಿ. ಆಮೇಲೆ ಬ್ಯಾಲೆನ್ಸಿಂಗ್. ಅದರಲ್ಲೂ ಹೋಗದಿದ್ದರೆ ರಿಮ್ಮಿನ ಒಳ ಅಂಚು ಬೆಂಡಾಗಿರಬಹುದು: ಗುಂಡಿಗೆ ಬಿದ್ದಾಗ ಮೊದಲು ಬಾಗುವುದು ಕಡ್ಡಿಯ ಆಸರೆಯಿಲ್ಲದ ಆ ಅಂಚೇ, ಮತ್ತು ಹೊರಗಿನಿಂದ ಅದು ಕಾಣುವುದಿಲ್ಲ. ಫೋರ್ಜ್ ಮಾಡಿದ ರಿಮ್ಮಿನ ಸಣ್ಣ ಬೆಂಡು ತೆಗೆಸಬಹುದು. ಸೀಳು ಬಿಟ್ಟ ರಿಮ್ಮಿಗೆ, ಅದರಲ್ಲೂ ಸೀಳು ಕಡ್ಡಿಯ ಬುಡದಲ್ಲೋ ನಟ್ಟಿನ ತೂತಿನ ಸುತ್ತಲೋ ಇದ್ದರೆ, ವೆಲ್ಡಿಂಗ್ ಮಾಡಿಸಬೇಡಿ. ಅದನ್ನು ಗುಜರಿಗೆ ಹಾಕಿ.