ಕಾರ್ಡಿನ ಅಂಚಿಗೆ ಬ್ಲೇಡು ತಾಗಿಸಬೇಡಿ

"ಅಂಚು ಸ್ವಲ್ಪ ಹಿಂಜಿಹೋಗಿತ್ತು ಸಾರ್, ನೀಟಾಗಿ ಕತ್ತರಿಸ್ಕೊಂಡು ಬಂದಿದ್ದೀನಿ." ಹಳೇ ಬೇಸ್‌ಬಾಲ್ ಕಾರ್ಡು, ಅಂದರೆ ಆಟಗಾರರ ಚಿತ್ರ ಅಚ್ಚಾದ ಸಣ್ಣ ರಟ್ಟು, ತೋರಿಸಲು ಬರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಮೆರಿಕದ ನ್ಯೂ ಜೆರ್ಸಿಯಲ್ಲಿ ಇಂಥ ಕಾರ್ಡುಗಳನ್ನು ನೋಡಿ, ಅಸಲಿಯೋ ನಕಲಿಯೋ, ಎಷ್ಟು ಬೆಲೆ ಬಾಳಬಹುದು ಎಂದು ಹೇಳುವುದು ನನ್ನ ಕೆಲಸ. ಬರುವವರು ಒಳ್ಳೆಯವರೇ. ತೀರಿಹೋದ ಅಪ್ಪನ ಪೆಟ್ಟಿಗೆ ತೆಗೆದವರು, ಅಟ್ಟ ಖಾಲಿ ಮಾಡಿದವರು. ಈಚೆಗೆ ನಮ್ಮ ಕನ್ನಡದವರೂ ಬರುತ್ತಾರೆ. ಮಗ ಮಕ್ಕಳ ಬೇಸ್‌ಬಾಲ್ ಆದ ಲಿಟಲ್ ಲೀಗ್‌ನಲ್ಲಿ ಆಡುತ್ತಿರುತ್ತಾನೆ, ಅವನ ಜೊತೆ ಅಪ್ಪನಿಗೂ ಕಾರ್ಡಿನ ಹುಚ್ಚು ಹಿಡಿದಿರುತ್ತದೆ.

ಇವರಲ್ಲಿ ಯಾರಿಗೂ ಮೋಸ ಮಾಡುವ ಮನಸ್ಸಿರುವುದಿಲ್ಲ. ಚೆಂದ ಕಾಣಲಿ ಅಂತ ಮಾಡಿರುತ್ತಾರೆ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿ ಬೆಳೆದವರು ನಾವು, ಹಳೆಯದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಆದರೆ ಕಾಗದಕ್ಕೆ ಆ ನ್ಯಾಯ ಸಲ್ಲುವುದಿಲ್ಲ. ಕತ್ತರಿಸಿದ ಆ ಅರ್ಧ ಮಿಲಿಮೀಟರ್ ಜೊತೆ ಕಾರ್ಡಿನ ಬೆಲೆಯ ದೊಡ್ಡ ಪಾಲು ಹೋಗಿಬಿಟ್ಟಿರುತ್ತದೆ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಗ್ರೇಡಿಂಗ್ ಕಂಪನಿಗಳು ಕಾರ್ಡಿನ ಸ್ಥಿತಿ ನೋಡಿ 1ರಿಂದ 10ರವರೆಗೆ ಅಂಕ ಕೊಡುತ್ತವೆ. ಮೂಲೆಗಳು ದುಂಡಗಾಗಿ, ನಡುವೆ ಮಡಿಕೆ ಬಿದ್ದು, ಹಿಂದೆ ಗೋಂದಿನ ಕಲೆ ಇದ್ದರೆ 1 ಬರಬಹುದು. ಬರಲಿ. ಅದೂ ಒಂದು ಅಂಕವೇ, ಅದಕ್ಕೊಂದು ಮಾರುಕಟ್ಟೆ ಇದೆ. ಕತ್ತರಿಸಿದ ಕಾರ್ಡಿಗೆ ಸಾಮಾನ್ಯವಾಗಿ ಅಂಕವೇ ಸಿಗುವುದಿಲ್ಲ. "ಅಸಲಿ, ಆದರೆ ತಿದ್ದಿದ್ದು" ಎಂದು ಬರೆದು ವಾಪಸ್ ಕಳಿಸುತ್ತಾರೆ. ಸವೆದ ಕಾರ್ಡು ಅಂದರೆ ಯಾವುದೋ ಹುಡುಗ ಜೇಬಲ್ಲಿಟ್ಟುಕೊಂಡು ಓಡಾಡಿದ್ದು. ತಿದ್ದಿದ ಕಾರ್ಡು ಅಂದರೆ ಅದರ ಸ್ಥಿತಿಯನ್ನು ಯಾರೋ ಬೇಕಂತಲೇ ಬದಲಿಸಿದ್ದಾರೆ ಎಂದರ್ಥ. ಕೊಳ್ಳುವವರು ಮೊದಲನೆಯದನ್ನು ಒಪ್ಪಿಕೊಳ್ಳುತ್ತಾರೆ, ಎರಡನೆಯದನ್ನು ಕಂಡರೆ ಹಿಂಜರಿಯುತ್ತಾರೆ.

ಇಲ್ಲಿಗೆ ಒಂದು ವಾದ ತಪ್ಪದೇ ಬರುತ್ತದೆ. "ಲಕ್ಷಗಟ್ಟಲೆ ಡಾಲರಿಗೆ ಹೋದ ಆ ವಾಗ್ನರ್ ಕಾರ್ಡೂ ಕತ್ತರಿಸಿದ್ದೇ ಅಲ್ವಾ?" ಹೌದು, ಕತ್ತರಿಸಿದ್ದೇ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪ್ಯಾಕಿನೊಳಗೆ ಆಟಗಾರರ ಚಿಕ್ಕ ಕಾರ್ಡು ಇಡುತ್ತಿತ್ತು. ಈಗ ಟಿ206 ಅನ್ನುವುದು ಆ ಸರಣಿಗೆ. ಅದರಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವಾಗ್ನರ್ ಕಾರ್ಡು ಬೇಗನೆ ನಿಂತುಹೋಯಿತು. ಮಕ್ಕಳು ಕಾರ್ಡಿನ ಆಸೆಗೆ ಸಿಗರೇಟು ಕೊಳ್ಳುವುದು ವಾಗ್ನರ್ ಅವರಿಗೆ ಹಿಡಿಸಲಿಲ್ಲ ಎನ್ನುವವರಿದ್ದಾರೆ, ಹಣದ ವಿಚಾರಕ್ಕೆ ಒಪ್ಪಲಿಲ್ಲ ಎನ್ನುವವರೂ ಇದ್ದಾರೆ. ಮನುಷ್ಯ ಮಾತ್ರ ದೊಡ್ಡವರು. ಜರ್ಮನಿಯಿಂದ ಬಂದ ಬಡ ಕುಟುಂಬ, ಹುಡುಗನಾಗಿದ್ದಾಗ ಕಲ್ಲಿದ್ದಲು ಗಣಿಯಲ್ಲಿ ಕೆಲಸ. ಮುಂದೆ ಎಂಟು ಸಲ ಬ್ಯಾಟಿಂಗ್ ಸರಾಸರಿಯಲ್ಲಿ ನ್ಯಾಷನಲ್ ಲೀಗ್‌ಗೇ ಮೊದಲಿಗ. 1936ರಲ್ಲಿ ಬೇಸ್‌ಬಾಲ್‌ನ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಮೊದಲು ಆರಿಸಿದ ಐವರಲ್ಲಿ ಬೇಬ್ ರೂತ್, ಟೈ ಕಾಬ್ ಜೊತೆ ಇವರೂ ಒಬ್ಬರು.

ಆ ವಾಗ್ನರ್ ಕಾರ್ಡುಗಳ ಪೈಕಿ ತುಂಬಾ ಹೆಸರಾದ ಒಂದನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರರೊಬ್ಬರ ಜೊತೆ ಸೇರಿ 4 ಲಕ್ಷ 51 ಸಾವಿರ ಡಾಲರ್ ಕೊಟ್ಟು ಕೊಂಡರು. ಅದಕ್ಕೆ 8 ಅಂಕವೂ ಸಿಕ್ಕಿತ್ತು, ಕತ್ತರಿಸಿದ್ದನ್ನು ಆಗಿನ್ನೂ ಯಾರೂ ಒಪ್ಪಿಕೊಂಡಿರಲಿಲ್ಲ. 2007ರಲ್ಲಿ 28 ಲಕ್ಷ ಡಾಲರಿಗೆ ಮತ್ತೆ ಕೈ ಬದಲಾಯಿತು. 2013ರಲ್ಲಿ, ಹಿಂದೆ ಅದನ್ನು ಮಾರಿದ್ದ ಬಿಲ್ ಮಾಸ್ಟ್ರೋ, ತಮ್ಮ ಹರಾಜು ಸಂಸ್ಥೆಯ ಮೇಲಿನ ವಂಚನೆ ಕೇಸಿನಲ್ಲಿ ತಪ್ಪೊಪ್ಪಿಕೊಂಡಾಗ, ಅದರ ಅಂಚು ಕತ್ತರಿಸಿದ್ದು ತಾನೇ ಎಂದರು. ಆ ಕಾರ್ಡು ಈಗ ಅದರ ಕಥೆಗಾಗಿಯೇ ಹೆಸರುವಾಸಿ. ಅದನ್ನು ನೋಡಿ ನಿಮ್ಮ ಕಾರ್ಡಿಗೆ ಕತ್ತರಿ ಹಾಕಬೇಡಿ. ನೋಡಲೇಬೇಕೆಂದರೆ ಇನ್ನೊಂದು ವಾಗ್ನರ್ ನೋಡಿ. ಬರೀ 2 ಅಂಕದ್ದು, ನಲುಗಿದ್ದು. 2022ರಲ್ಲಿ 72 ಲಕ್ಷ 50 ಸಾವಿರ ಡಾಲರಿಗೆ ಹೋಯಿತು.

"ಇಷ್ಟು ಸಣ್ಣದಾಗಿ ಕತ್ತರಿಸಿದರೆ ಯಾರಿಗೆ ಗೊತ್ತಾಗುತ್ತೆ?" ಗೊತ್ತಾಗುತ್ತದೆ. ಟಿ206ರ ಅಳತೆ ಸುಮಾರು 36.5 ಮಿಲಿಮೀಟರ್ ಅಗಲ, 66.7 ಮಿಲಿಮೀಟರ್ ಉದ್ದ. ಅಳತೆ ನಾವು ನೋಡುವ ಮೊದಲ ಸಂಗತಿ, ಆದರೆ ಅದೊಂದನ್ನೇ ನಂಬುವುದಿಲ್ಲ. ಆಗಿನ ಕಾರ್ಖಾನೆಯ ಕತ್ತರಿಕೆ ಒಂದೇ ಸಮ ಇರಲಿಲ್ಲ, ಹುಟ್ಟಿನಿಂದಲೇ ಸ್ವಲ್ಪ ಚಿಕ್ಕದಿರುವ ಪ್ರಾಮಾಣಿಕ ಕಾರ್ಡುಗಳೂ ಇವೆ. ಹಾಗಾಗಿ ಬರೀ ಅಳತೆ ನೋಡಿ ಯಾರಾದರೂ "ಇದು ಕತ್ತರಿಸಿದ್ದು" ಅಂದರೆ ತಕ್ಷಣ ನಂಬಬೇಡಿ.

ಆಮೇಲೆ ಕಾರ್ಡನ್ನು ನಿಲ್ಲಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಅಂಚಿನ ದಪ್ಪವನ್ನು ನೋಡುತ್ತೇವೆ. ನೂರು ವರ್ಷದ ಕಾಗದದ ಅಂಚು ಗಾಳಿ, ಬೆಳಕು, ಕೈಬೆವರು ತಾಗಿ ಕಂದಿರುತ್ತದೆ. ಸಣ್ಣ ನಾರುಗಳು ಎದ್ದಿರುತ್ತವೆ, ಕೊಳೆ ಒಳಗಿಳಿದಿರುತ್ತದೆ. ಬ್ಲೇಡು ತಾಗಿದ ಕಡೆ ಒಳಗಿನ ತಿಳಿ ಬಣ್ಣ ಹೊರಗೆ ಬಂದಿರುತ್ತದೆ. ಮೂರು ಬದಿ ಕಂದು, ಒಂದು ಬದಿ ಬಿಳುಪು. ಚಹಾ ನೀರು ಹಚ್ಚಿ ಬಣ್ಣ ಹೊಂದಿಸಿದವರನ್ನೂ ನೋಡಿದ್ದೇನೆ. ಆ ಬಣ್ಣ ಮೇಲೆಯೇ ನಿಲ್ಲುತ್ತದೆ, ನಾರಿನೊಳಗೆ ಸಮನಾಗಿ ಕೂರುವುದಿಲ್ಲ. ಇನ್ನು ಮೂಲೆ. ಮುಖವೆಲ್ಲ ಸವೆದಿದೆ, ಮೂಲೆ ಮಾತ್ರ ಸೂಜಿಯ ಹಾಗೆ ಚೂಪು ಅಂದರೆ ಅನುಮಾನ ಬರಲೇಬೇಕಲ್ವಾ? ಕೈಯಲ್ಲಿ ಹಿಡಿದ ಬ್ಲೇಡು ನೇರ ಹೋಗುವುದೂ ಅಪರೂಪ. ಚಪ್ಪಟೆ ಗಾಜಿನ ಮೇಲೆ ಅಂಚು ಕೂರಿಸಿದರೆ ನಡುವೆ ಸಣ್ಣ ಬೆಳಕು ಕಾಣುತ್ತದೆ. ಇವುಗಳಲ್ಲಿ ಒಂದೇ ಗುರುತು ಸಿಕ್ಕರೆ ನಾನು ತೀರ್ಪು ಕೊಡುವುದಿಲ್ಲ. ಎರಡು ಮೂರು ಸೇರಿದರೆ ಹೇಳಲೇಬೇಕಾಗುತ್ತದೆ.

ಹೊಟ್ಟೆ ಉರಿಯುವ ಇನ್ನೊಂದು ಬಗೆ ಇದೆ. ಟಾಪ್ಸ್ ಎಂಬ ಕಂಪನಿಯ 1952ರ ಕಾರ್ಡು ಈಗಿನ ಕಾರ್ಡಿಗಿಂತ ದೊಡ್ಡದು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಅಳತೆ ಟಾಪ್ಸ್‌ಗೆ ಬಂದದ್ದು 1957ರಲ್ಲಿ. ಈಗಿನ ಪ್ಲಾಸ್ಟಿಕ್ ಕವರಿಗೆ ಹಿಡಿಸಲಿಲ್ಲ ಅಂತ 1952ರ ಕಾರ್ಡನ್ನೇ ಕತ್ತರಿಸಿ ತೂರಿಸಿದವರಿದ್ದಾರೆ! ಆ ಅಳತೆಯ ಕವರು ಬೇರೆಯೇ ಸಿಗುತ್ತದೆ, ಚಿಲ್ಲರೆ ದುಡ್ಡಿಗೆ ಸಿಗುತ್ತದೆ.

ಆ ಸರಣಿಯ ಮೊದಲ ಕಾರ್ಡು ಆಂಡಿ ಪ್ಯಾಫ್ಕೊ ಅವರದು. ನನಗೆ ಈ ಮನುಷ್ಯನ ಮೇಲೆ ಬಹಳ ಪ್ರೀತಿ. 1951ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಬಾಬಿ ಥಾಮ್ಸನ್ ಕೊನೇ ಗಳಿಗೆಯಲ್ಲಿ ಹೊಡೆದ ಹೋಮ್ ರನ್, ಅಂದರೆ ಚೆಂಡು ಗೋಡೆಯಾಚೆ ಹೋದ ಹೊಡೆತ, ಅಮೆರಿಕದ ಮನೆಮಾತು. ಆ ಚೆಂಡು ತಲೆ ಮೇಲೆ ಹಾದು ಹೋಗುವಾಗ ಗೋಡೆ ಹತ್ತಿರ ನಿಂತು ನೋಡಿದ ಬ್ರೂಕ್ಲಿನ್ ಡಾಡ್ಜರ್ಸ್‌ನ ಲೆಫ್ಟ್ ಫೀಲ್ಡರ್ ಇವರೇ. ಒಳ್ಳೆಯ ಆಟಗಾರ, ಆದರೆ ಅದೇ ಸರಣಿಯಲ್ಲಿರುವ ಯಾಂಕೀಸ್ ತಂಡದ ಮಿಕಿ ಮ್ಯಾಂಟಲ್ ಅಷ್ಟು ದೊಡ್ಡ ಹೆಸರಲ್ಲ. ಆದರೂ ಇವರ ಆ ಕಾರ್ಡು ಚೆನ್ನಾಗಿರುವುದು ಸಿಗುವುದೇ ಕಷ್ಟ. ಹುಡುಗರು ಕಾರ್ಡುಗಳನ್ನು ನಂಬರಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. 1ನೇ ನಂಬರು ಎಲ್ಲಕ್ಕಿಂತ ಮೇಲೆ, ಏಟೆಲ್ಲ ಅದಕ್ಕೇ. 10 ಅಂಕದ ಒಂದು ಪ್ಯಾಫ್ಕೊ ಕಾರ್ಡು 1998ರಲ್ಲಿ 80 ಸಾವಿರ ಡಾಲರಿಗೂ ಜಾಸ್ತಿಗೆ ಹೋಯಿತು. ನಿಮ್ಮಲ್ಲಿರುವ ಪ್ಯಾಫ್ಕೊ ಕಾರ್ಡಿನ ಬದಿಯಲ್ಲಿ ರಬ್ಬರ್ ಬ್ಯಾಂಡಿನ ಕಚ್ಚು ಇದ್ದರೆ ಅದನ್ನು ಹಾಗೇ ಬಿಡಿ. ಅದು ಆ ಕಾರ್ಡು ಬದುಕಿದ ರೀತಿ.

ಹಾಗಾದರೆ ಏನನ್ನೂ ಮುಟ್ಟಲೇಬಾರದಾ? ಆಲ್ಬಮ್ಮಿಗೆ ಅಂಟಿಸಿದ ಕಾರ್ಡನ್ನು ಬರೀ ನೀರಿನಲ್ಲಿ ನೆನೆಸಿ ಬಿಡಿಸುವುದನ್ನು ಸಂಗ್ರಾಹಕರಲ್ಲಿ ಹೆಚ್ಚಿನವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ನನ್ನ ಸಲಹೆ, ಮನೆಯಲ್ಲಿ ಮಾಡಬೇಡಿ. ಎಲ್ಲ ಕಾರ್ಡಿನ ಶಾಯಿ ಒಂದೇ ಥರ ಇರುವುದಿಲ್ಲ. ಅಂಟಿಸಿದ್ದೇ ಅಪರಾಧ ಅಂತಲೂ ತಿಳಿಯಬೇಡಿ. ಟಿ206 ಎಂಬ ಹೆಸರು ಬಂದದ್ದೇ ಸಿರಕ್ಯೂಸ್ ಊರಿನ ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ಮಾಡಿದ ಕಾರ್ಡುಗಳ ಪಟ್ಟಿಯಿಂದ. ಸಂಧಿವಾತದ ಕೈಯಲ್ಲಿ ಅವರು ಸಾವಿರಾರು ಕಾರ್ಡುಗಳನ್ನು ಆಲ್ಬಮ್ಮುಗಳಿಗೆ ಅಂಟಿಸಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಅವರು ಅಂಟಿಸಿದ್ದರಿಂದಲೇ ಅವು ಚದುರದೆ ಒಂದೇ ಕಡೆ ಉಳಿದವು.

ಹೋದ ಚಳಿಗಾಲದಲ್ಲಿ ಒಬ್ಬ ಹೆಣ್ಣುಮಗಳು ಅಪ್ಪನ ಕಾರ್ಡುಗಳ ಜೊತೆ ಒಂದು ಲಕೋಟೆಯನ್ನೂ ತಂದಿದ್ದರು. ಗಂಡ ಕತ್ತರಿಸಿದ ಅಂಚಿನ ಚೂರುಗಳು ಅದರಲ್ಲಿದ್ದವು. "ಮತ್ತೆ ಅಂಟಿಸೋಕೆ ಆಗುತ್ತಾ?" ಅಂತ ಕೇಳಿದರು. ಆಗುವುದಿಲ್ಲ, ಅಂಟಿಸಿದರೆ ಅದು ಎರಡನೇ ತಿದ್ದುಪಡಿ. ಮಾರುವುದಾದರೆ ಕತ್ತರಿಸಿದ ವಿಷಯ ಮೊದಲೇ ಬರೆದು ತಿಳಿಸಿ ಎಂದೆ. ಗೊತ್ತಿದ್ದೂ ಮುಚ್ಚಿಟ್ಟು ಮಾರಿದರೆ ವಂಚನೆ ಎಂದು ಕೇಸಾಗಬಹುದು. ಡಬ್ಬಿಯಲ್ಲಿ ಉಳಿದಿದ್ದ, ಯಾರೂ ಕೈಹಾಕದ ಕಾರ್ಡುಗಳನ್ನು ಬೇರೆ ಮಾಡಿ, ಒಂದೊಂದನ್ನೂ ಅದರದರ ಅಳತೆಯ ಕವರಿಗೆ ಹಾಕಿ ಕೊಟ್ಟೆ.