ಸಿವಿ ಬೂಟು: ಸಣ್ಣ ಬಾಯಿ ಬಿಗಿಯೋ ಮುಂಚೆ ಗಾಳಿ ಬಿಡಿ

ಚಕ್ರಕ್ಕೆ ಶಕ್ತಿ ಒಯ್ಯೋ ಶಾಫ್ಟಿನ ತುದಿಯ ಕೀಲು ಸಿವಿ ಜಾಯಿಂಟು. ಅದನ್ನೂ ಅದರ ಗ್ರೀಸನ್ನೂ ಮುಚ್ಚಿಡೋ ಮಡಿಕೆ ಮಡಿಕೆ ರಬ್ಬರ್ ಕವಚವೇ ಸಿವಿ ಬೂಟು. ಅದನ್ನು ಬದಲಾಯಿಸೋ ಮೊದಲು ಗಾಡಿ ಯಾವುದು ಅಂತ ನೋಡಿಕೊಳ್ಳಿ. ಥಾರ್, ಫೋರ್ ವ್ಹೀಲ್ ಡ್ರೈವ್ ಸ್ಕಾರ್ಪಿಯೋ, ಫಾರ್ಚೂನರ್ ಇವುಗಳಲ್ಲಿ ಎಡ ಬಲ ಚಕ್ರಕ್ಕೆ ಶಕ್ತಿ ಹಂಚೋ ಮುಂದಿನ ಡಿಫರೆನ್ಷಿಯಲ್‌ನಿಂದ ಎಡಕ್ಕೊಂದು ಬಲಕ್ಕೊಂದು ಶಾಫ್ಟ್ ಹೊರಡುತ್ತೆ. ಒಂದೊಂದು ಶಾಫ್ಟಿಗೆ ಎರಡೆರಡು ಬೂಟು: ಚಕ್ರದ ಕಡೆ ಹೊರಗಿನದು, ಡಿಫರೆನ್ಷಿಯಲ್ ಕಡೆ ಒಳಗಿನದು. ಜಿಪ್ಸಿ, ಜಿಮ್ನಿಗೆ ಮುಂದೆ ಗಟ್ಟಿ ಆಕ್ಸಲ್. ಜಾಯಿಂಟು ನಕಲ್ (ಚಕ್ರವನ್ನು ಹೊತ್ತು ತಿರುಗೋ ಭಾಗ) ಒಳಗೇ ಅಡಗಿರುತ್ತೆ, ಹೊರಗೆ ಕಾಣೋ ಬೂಟೇ ಇಲ್ಲ. ಅಲ್ಲಿ ಸೋರಿದರೆ ನೋಡಬೇಕಾದ್ದು ನಕಲ್ ಸೀಲು. ಈ ಟಿಪ್ಪಣಿ ಮೊದಲನೇ ಗುಂಪಿನ ಗಾಡಿಗಳಿಗೆ.

ಹರಿದ ಬೂಟಿನಿಂದ ಗ್ರೀಸ್ ಚೆಲ್ಲಿಹೋಗೋದು ಅರ್ಧ ತೊಂದರೆ ಮಾತ್ರ. ಉಳಿದ ಗ್ರೀಸಿಗೆ ಮಣ್ಣು ಬೆರೆಯೋದು ಅದಕ್ಕಿಂತ ಕೆಟ್ಟದ್ದು. ಕನಕಪುರ ಕಡೆಯ ಕೆಂಪು ಮಣ್ಣು ಒಳಗೆ ಸೇರಿತೆಂದರೆ ಅದು ಗ್ರೀಸಲ್ಲ, ವಾಲ್ವ್ ತಿಕ್ಕೋ ಪೇಸ್ಟು.

ಹರಿದಿದೆಯಾ, ಎಲ್ಲಿ?

ರಿಮ್ಮಿನ ಒಳಮೈ, ಬ್ರೇಕ್ ಕ್ಯಾಲಿಪರ್, ಸಸ್ಪೆನ್ಷನ್ ಆರ್ಮ್ ಮೇಲೆ ಕಪ್ಪು ಗ್ರೀಸ್ ಚಿಮ್ಮಿದ್ದರೆ ಹೊರಗಿನ ಬೂಟು ಹರಿದಿದೆ ಅನ್ನಿ. ಏನೂ ಚಿಮ್ಮದಿದ್ದರೂ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು, ಹೆಬ್ಬೆರಳಲ್ಲಿ ಮಡಿಕೆ ಬಿಡಿಸಿ ನೋಡಿ. ಬಿರುಕು ಶುರುವಾಗೋದು ಮಡಿಕೆಯ ತಳದಲ್ಲಿ, ಉಬ್ಬಿನ ಮೇಲಲ್ಲ. ಗಾಡಿಗೆ ಎತ್ತರ ಹೆಚ್ಚಿಸೋ ಲಿಫ್ಟ್ ಕಿಟ್ ಹಾಕಿಸಿದ್ದರೆ ಶಾಫ್ಟಿನ ಕೋನ ಜಾಸ್ತಿಯಾಗಿ ಒಂದು ಬದಿಯ ಮಡಿಕೆಗಳು ಸದಾ ಒಂದಕ್ಕೊಂದು ಉಜ್ಜುತ್ತಿರುತ್ತವೆ. ಅಂಥ ಗಾಡಿಯಲ್ಲಿ ಇನ್ನೂ ಬೇಗ ಬೇಗ ನೋಡಬೇಕು.

ಪೂರ್ತಿ ತಿರುವಿನಲ್ಲಿ ಟಕಟಕ ಅಂದರೆ ಹೊರಗಿನ ಜಾಯಿಂಟು, ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಗಾಡಿ ನಡುಗಿದರೆ ಒಳಗಿನದು. ಇದನ್ನು ಎಲ್ಲರೂ ಹೇಳ್ತಾರೆ, ಆದರೆ ಮುಂದಿನ ಚಕ್ರ ಸದಾ ಎಳೆಯೋ ಕಾರಿನ ಮಾತು ಅದು. ಬೇಕಾದಾಗ ಮಾತ್ರ ಫೋರ್ ವ್ಹೀಲ್ ಹಾಕೋ ಗಾಡಿ 2ಎಚ್‌ನಲ್ಲಿದ್ದರೆ ಎಳೆಯೋದು ಹಿಂದಿನ ಚಕ್ರ. ಮುಂದಿನ ಶಾಫ್ಟಿನ ಮೇಲೆ ಭಾರವೇ ಬೀಳಲ್ಲ, ಸವೆದ ಜಾಯಿಂಟೂ ಸುಮ್ಮನಿರಬಹುದು. ಸಡಿಲ ಮಣ್ಣಿನ ಖಾಲಿ ಜಾಗದಲ್ಲಿ 4ಎಚ್ (ನಾಲ್ಕೂ ಚಕ್ರ ಎಳೆಯೋದು) ಹಾಕಿ ನಿಧಾನಕ್ಕೆ ಸುತ್ತು ಹೊಡೆದು ಕೇಳಿ. ಡಾಂಬರಿನ ಮೇಲೆ ಈ ಪರೀಕ್ಷೆ ಬೇಡ: ಹಿಂದಿನ ಮುಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕಾದ್ದರಿಂದ ಗಾಡಿ ಜಗ್ಗುತ್ತೆ, ಟಯರ್ ಕಿರುಗುಡುತ್ತೆ, ಒಳ್ಳೇ ಜಾಯಿಂಟಿನ ಮೇಲೂ ಅನುಮಾನ ಬರುತ್ತೆ. ಸದ್ದು ಶುರುವಾಗಿದ್ದರೆ ಹೊಸ ಬೂಟಿನಿಂದ ಅದು ಹೋಗಲ್ಲ, ಜಾಯಿಂಟೇ ಬದಲಾಗಬೇಕು.

ಸಾಮಾನು

ಬಿಡಿಭಾಗ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಚಾಸಿ ನಂಬರ್ ಬರೆದುಕೊಂಡು ಹೋಗಿ. ಕಿಟ್‌ನಲ್ಲಿ ಬೂಟು, ದೊಡ್ಡದೊಂದು ಸಣ್ಣದೊಂದು ಕ್ಲಾಂಪ್, ಗ್ರೀಸ್ ಪೊಟ್ಟಣ, ಸರ್ಕ್ಲಿಪ್ (ಜಾಯಿಂಟು ಶಾಫ್ಟಿನಿಂದ ಜಾರದಂತೆ ಹಿಡಿಯೋ ಉಂಗುರ) ಇರಬೇಕು. ಚಕ್ರದ ನಡುವೆ ಶಾಫ್ಟನ್ನು ಹಿಡಿದಿಡೋ ಹಬ್ ನಟ್ಟೂ ಹೊಸದೇ ತನ್ನಿ. ಹೊರಗಿನ ಜಾಯಿಂಟಿಗೆ ಸಾಮಾನ್ಯವಾಗಿ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆಸಿದ ಕಪ್ಪು ಗ್ರೀಸು. ಒಳಗಿನ ಟ್ರೈಪಾಡ್‌ಗೆ ಬೇರೆ ಜಾತಿಯದು ಬರಬಹುದು (ಟ್ರೈಪಾಡ್ ಅಂದರೆ ಮೂರು ಕೈಯಿರೋ ಒಳಗಿನ ಜಾಯಿಂಟು). ಪೊಟ್ಟಣ ಅದಲುಬದಲಾಗದಿರಲಿ. ಡಬ್ಬಿಯಲ್ಲಿರೋ ಚಾಸಿ ಗ್ರೀಸ್ ಇಲ್ಲಿಗಲ್ಲ.

ಬಿಚ್ಚೋದು

ಹಬ್ ನಟ್ ಸಡಿಲ ಮಾಡೋದು ಚಕ್ರ ನೆಲದ ಮೇಲಿದ್ದಾಗಲೇ. ಆಮೇಲೆ ಜಾಕ್, ಸ್ಟ್ಯಾಂಡ್. ಜಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ, ಹೋಸ್‌ನಿಂದ ನೇತುಬಿಡಬೇಡಿ. ಎಬಿಎಸ್ ವೈರು, ಟೈ ರಾಡ್, ಬಾಲ್ ಜಾಯಿಂಟ್ ಕಳಚಿದರೆ ಶಾಫ್ಟ್ ಹಬ್‌ನಿಂದ ಆಚೆ ಬರುತ್ತೆ. ಶಾಫ್ಟನ್ನು ಹಿಡಿದು ಎಳೆಯಬೇಡಿ, ಟ್ರೈಪಾಡ್ ತನ್ನ ಮನೆಯೊಳಗಿಂದ (ಅದು ಕೂರೋ ಬಟ್ಟಲಿನಿಂದ) ಕಳಚಿ ಬರುತ್ತೆ. ಒಳಗಿನ ಜಾಯಿಂಟಿನ ಮನೆಗೇ ಮೀಟುಗೋಲು ಕೊಟ್ಟು ಎಬ್ಬಿಸಿ. ಡಿಫರೆನ್ಷಿಯಲ್ ಎಣ್ಣೆ ಸೋರುತ್ತೆ, ಕೆಳಗೆ ತಟ್ಟೆ ಇಡಿ.

ಹೊರಗಿನ ಜಾಯಿಂಟು ಶಾಫ್ಟಿನಿಂದ ಬರೋ ರೀತಿ ಎರಡು. ಕೆಲವಕ್ಕೆ ಒಳಗೆ ಅಡಗಿದ ಸರ್ಕ್ಲಿಪ್ಪು: ಒಳ ರೇಸಿಗೆ (ಗೋಲಿಗಳ ಒಳಬದಿಯ ಬಳೆಗೆ) ಹಿತ್ತಾಳೆ ಸರಳಿಟ್ಟು ಸುತ್ತಿಗೆಯಿಂದ ಒಂದೇಟು ಗಟ್ಟಿಯಾಗಿ ಕೊಟ್ಟರೆ ಬಿಡುತ್ತೆ. ಕೆಲವಕ್ಕೆ ಕಣ್ಣಿಗೆ ಕಾಣೋ ಸರ್ಕ್ಲಿಪ್ಪು: ಇಕ್ಕಳದಲ್ಲಿ ಅಗಲಿಸಿ ಹಿಡಿದೇ ಎಳೆಯಬೇಕು, ಎಷ್ಟು ಬಡಿದರೂ ಬರಲ್ಲ. ಇನ್ನು ಕೆಲವು ಶಾಫ್ಟಿನಿಂದ ಬರೋದೇ ಇಲ್ಲ. ಆಗ ಒಳಗಿನ ಟ್ರೈಪಾಡ್ ಬಿಚ್ಚಿ ಎರಡೂ ಬೂಟನ್ನು ಆ ಕಡೆಯಿಂದ ತೂರಿಸಬೇಕು. ಟ್ರೈಪಾಡ್, ಶಾಫ್ಟ್, ಮನೆ ಮೂರಕ್ಕೂ ಸಾಲಾಗಿ ಬಣ್ಣದ ಗುರುತು ಹಾಕಿಡಿ. ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಗೋಲಿ ಓಡೋ ದಾರಿಯಲ್ಲಿ ಉಗುರಿಗೆ ಸಿಗೋ ಗುಳಿಯಿದ್ದರೆ ಆ ಜಾಯಿಂಟಿನ ಆಸೆ ಬಿಡಿ.

ಗಾಳಿ

ಎಲ್ಲ ಸರಿಯಾಗಿ ಮಾಡಿದರೂ ಹೊಸ ಬೂಟು ಬೇಗ ಹರಿಯೋದಕ್ಕೆ ಇದೊಂದು ಮುಖ್ಯ ಕಾರಣ, ಅದಕ್ಕೇ ಇಷ್ಟುದ್ದ.

ಗ್ರೀಸನ್ನು ಗೋಲಿಗಳ ಸಂದಿಯಲ್ಲಿ ಇನ್ನೊಂದು ಬದಿಗೆ ಉಕ್ಕೋವರೆಗೆ ತುಂಬಿ, ಉಳಿದದ್ದು ಬೂಟಿಗೆ. ಪೊಟ್ಟಣ ಪೂರ್ತಿ ಖಾಲಿಯಾಗಬೇಕು. ಬೂಟಿನ ದೊಡ್ಡ ಬಾಯಿ ಜಾಯಿಂಟಿನ ಮೇಲೆ, ಸಣ್ಣ ಬಾಯಿ ಶಾಫ್ಟಿನ ಮೇಲಿನ ತೋಡಿನಲ್ಲಿ ಕೂರುತ್ತೆ. ದೊಡ್ಡ ಬಾಯಿ ಒತ್ತಿ ಕೂರಿಸುವಾಗ ಸೈಕಲ್ ಪಂಪಿನ ಹಾಗೆ ಒಳಗೆ ಗಾಳಿ ಒತ್ತುತ್ತೆ. ಆಗಲೇ ಎರಡೂ ಕಡೆ ಬಿಗಿದರೆ ಬೂಟು ಬಲೂನಿನಂತೆ ಉಬ್ಬಿಕೊಂಡೇ ಉಳಿಯುತ್ತೆ. ಓಡಿಸಿದಾಗ ಒಳಗಿನ ಗಾಳಿ ಬಿಸಿಯಾಗುತ್ತೆ: 25 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು ಶೇಕಡ 12 ಹಿಗ್ಗುತ್ತೆ. ಗ್ರೀಸ್ ಸಣ್ಣ ಬಾಯಿಯಲ್ಲಿ ದಾರಿ ಹುಡುಕುತ್ತೆ.

ಒಳಗಿನ ಬೂಟಿನಲ್ಲಿ ಇದರ ತಿರುಗಾಮುರುಗ ಆಗುತ್ತೆ. ಟ್ರೈಪಾಡ್ ತನ್ನ ಮನೆಯೊಳಗೆ ಹಿಂದೆ ಮುಂದೆ ಜಾರುತ್ತೆ, ಸಸ್ಪೆನ್ಷನ್ ಏರಿಳಿದಾಗ ಶಾಫ್ಟಿನ ಉದ್ದ ಹೊಂದಿಕೊಳ್ಳೋದು ಇಲ್ಲೇ. ಬೆಂಚಿನ ಮೇಲೆ ಅದು ಒಳಗೆ ತಳ್ಳಿಕೊಂಡಿದ್ದಾಗ ಬಿಗಿದಿರಿ ಅಂದುಕೊಳ್ಳಿ. ಗಾಡಿಗೆ ಹಾಕಿದಾಗ ಅದು ಹೊರಗೆ ಬರುತ್ತೆ, ಒಳಗೆ ಜಾಗ ಹೆಚ್ಚುತ್ತೆ, ಗಾಳಿ ಅಷ್ಟೇ ಇರುತ್ತೆ. ಬೂಟು ಒಳಕ್ಕೆ ಹೀರಿಕೊಂಡು ಒಂದು ಮಡಿಕೆ ತಿರುಗಿ ಶಾಫ್ಟಿಗೆ ತಾಗುತ್ತೆ, ಉಜ್ಜಿ ಉಜ್ಜಿ ಅಲ್ಲೇ ಹರಿಯುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಮುಚ್ಚಿದ ಬೂಟು ಘಾಟಿ ಇಳಿದು ಮಂಗಳೂರು ಮುಟ್ಟೋ ಹೊತ್ತಿಗೆ ಹೊರಗಿನ ಗಾಳಿಯ ಒತ್ತಡ ಶೇಕಡ 10ರಷ್ಟು ಹೆಚ್ಚಿರುತ್ತೆ. ಸರಿಯಾದ ಬೂಟು ಅದನ್ನು ತಡೆದುಕೊಳ್ಳುತ್ತೆ, ಮೊದಲೇ ಹೀರಿಕೊಂಡಿದ್ದು ಇನ್ನಷ್ಟು ಕುಸಿಯುತ್ತೆ.

ಹಾಗಾಗಿ ಮೊದಲು ಉದ್ದ, ಆಮೇಲೆ ಗಾಳಿ, ಕೊನೆಗೆ ಸಣ್ಣ ಕ್ಲಾಂಪು. ಉದ್ದದ ಅಳತೆ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿರುತ್ತೆ. ಅದು ಕೈಯಲ್ಲಿಲ್ಲದಿದ್ದರೆ ಗಾಡಿ ಸಮನೆಲದ ಮೇಲೆ ನಿಂತಿರುವಾಗಲೇ, ಜಾಕ್ ಹಾಕೋ ಮುಂಚೆ, ಜಾಯಿಂಟಿನ ಮನೆಯ ಅಂಚಿನಿಂದ ಸಣ್ಣ ಕ್ಲಾಂಪಿನವರೆಗೆ ಅಳೆದು ಬರೆದಿಡಿ. ಜಾಕ್ ಎತ್ತಿದ ಮೇಲೆ ಅಳೆದರೆ ಚಕ್ರ ಜೋತಾಡಿ ಜಾಯಿಂಟು ಸರಿದಿರುತ್ತೆ, ಆ ಅಳತೆ ಸುಳ್ಳು.

ಈಗ ಎರಡೂ ಬಾಯಿಯ ಅಂಚು, ಶಾಫ್ಟಿನ ತೋಡು ಒಣಬಟ್ಟೆಯಲ್ಲಿ ಒರೆಸಿ. ಅಂಚಿನಲ್ಲಿ ಗ್ರೀಸಿದ್ದರೆ ಕ್ಲಾಂಪ್ ಎಷ್ಟು ಬಿಗಿದರೂ ಜಾರುತ್ತೆ. ದೊಡ್ಡ ಕ್ಲಾಂಪ್ ಬಿಗಿಯಿರಿ. ಶಾಫ್ಟನ್ನು ಅಳತೆಯ ಉದ್ದಕ್ಕೆ ಹಿಡಿದು, ಸಣ್ಣ ಬಾಯಿಯಡಿ ಕೇಬಲ್ ಟೈನ ಬಾಲ ತೂರಿಸಿ. ಟೈನ ಹಲ್ಲಿನ ಸಂದಿಯಲ್ಲಿ ಗಾಳಿ ಸುಯ್ಯೆಂದು ಆಚೀಚೆ ಆಗುತ್ತೆ. ಚೂಪು ಸ್ಕ್ರೂಡ್ರೈವರ್ ಹಾಕಿದರೆ ರಬ್ಬರ್ ಸೀಳಬಹುದು. ಮಡಿಕೆಗಳು ಸುತ್ತಲೂ ಒಂದೇ ಸಮ ಕಂಡ ಮೇಲೆ ಬಾಲ ಎಳೆದು, ಸಣ್ಣ ಬಾಯಿ ತೋಡಿನಲ್ಲಿ ಕೂತಿದೆಯಾ ಬೆರಳಲ್ಲಿ ಸವರಿ ನೋಡಿ, ಆಗ ಬಿಗಿಯಿರಿ. ಈ ಕೆಲಸದಲ್ಲಿ ಕೇಬಲ್ ಟೈಗೆ ಇಷ್ಟೇ ಪಾತ್ರ, ಕ್ಲಾಂಪಿನ ಬದಲಿಗೆ ಕಟ್ಟಬೇಡಿ. ನೀರಿನ ಹೋಸ್‌ಗೆ ಹಾಕೋ ಸ್ಕ್ರೂ ಕ್ಲಾಂಪೂ ಬೇಡ: ಅದರ ಉಬ್ಬು ತಿರುಗುವಾಗ ಎಲ್ಲಾದರೂ ತಾಗುತ್ತೆ. ಕಿವಿ ಕ್ಲಾಂಪಿನ (ಉಬ್ಬು ಹಿಂಡಿ ಬಿಗಿಯೋ ಪಟ್ಟಿ) ಕಿವಿ ಹಿಂಡೋ ಇಕ್ಕಳ ಇಲ್ಲದೆ ಕೆಲಸಕ್ಕೆ ಕೂರಬೇಡಿ.

ಜೋಡಿಸುವಾಗ

ಬಿಚ್ಚಿದ್ದರ ಹಿಮ್ಮೊಗ. ಜಾಯಿಂಟು ಕೂತಾಗ ಸರ್ಕ್ಲಿಪ್ ಟಕ್ ಅನ್ನಬೇಕು. ಆಮೇಲೆ ಎಳೆದು ನೋಡಿ. ಹಬ್ ನಟ್ ಬಿಗಿಯದೆ ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು ಉರುಳಿಸಿದರೆ ಬೇರಿಂಗ್ ಹಾಳಾಗಬಹುದು. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲಿ, ಮ್ಯಾನ್ಯುಯಲ್ ಅಂಕಿಯಂತೆ, ಇಂಪ್ಯಾಕ್ಟ್ ಗನ್ನಿನಲ್ಲಲ್ಲ. ಸೋರಿದಷ್ಟು ಡಿಫರೆನ್ಷಿಯಲ್ ಎಣ್ಣೆ ಮತ್ತೆ ತುಂಬಿ.

100 ಕಿಲೋಮೀಟರ್ ಆದ ಮೇಲೆ ಎರಡೂ ಬಾಯಿಯ ಸುತ್ತ ಬಿಳಿ ಬಟ್ಟೆಯಲ್ಲಿ ಒರೆಸಿ. ಮೊದಲ ಸಲ ತೆಳ್ಳಗೆ ಗ್ರೀಸ್ ಸಿಕ್ಕರೆ ಜೋಡಿಸುವಾಗ ಅಂಟಿದ್ದು ಇರಬಹುದು. ಒರೆಸಿ ಇನ್ನೊಂದು 100 ಓಡಿಸಿದ ಮೇಲೂ ಅಂಟಿದರೆ ಕ್ಲಾಂಪ್ ಹಿಡಿದಿಲ್ಲ. ಅದನ್ನು ಕತ್ತರಿಸಿ ಹೊಸದು ಹಾಕಿ.